ಸಾಗುವಾನಿ ಬಾಗಿಲಿಗೂ ಉಸಿರಾಡೋಕೆ ಜಾಗ ಬೇಕು

ಮನೆಗೆ ಬಾಗಿಲು, ಮಂಚ ಏನೇ ಮಾಡಿಸಲಿ, ಹಿರಿಯರು ಹೇಳೋದು ಒಂದೇ: "ಸಾಗುವಾನಿನೇ ಹಾಕಿಸಿ." ಯಾಕೆ ಅಂತ ಕೇಳಿದ್ರೆ "ಗಟ್ಟಿ ಮರ ಕಣೋ" ಅಂತಾರೆ. ನೋಡಿದರೆ ಸಾಗುವಾನಿ, ಅಂದರೆ ತೇಗ, ಅಂಥಾ ಗಡಸು ಮರವೇ ಅಲ್ಲ. ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕೆ.ಜಿ. ತೂಗುತ್ತದೆ. ನಮ್ಮ ಕಾಡಿನದೇ ಬೀಟೆ, ಮತ್ತಿ ಇದಕ್ಕಿಂತ ಭಾರ, ಇದಕ್ಕಿಂತ ಗಡಸು. ತೇಗದ ಬೆಲೆ ಇರುವುದು ಬೇರೆ ಕಡೆ: ಅದು ಹಿಗ್ಗೋದು, ಕುಗ್ಗೋದು ಕಡಿಮೆ.

ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ, ಆದರೆ ಅಗಲಕ್ಕೆ ಉಂಟು. ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಕೇಳಿದ 'ಅನೈಸೋಟ್ರೋಪಿಕ್' ಅನ್ನೋ ಪದ ನೆನಪಿದೆಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ವಾರ್ಷಿಕ ಬಳೆಗಳ ಸುತ್ತಿನ ದಿಕ್ಕಿನಲ್ಲಿ ತೇಗ ಹಿಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಹಿಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು.

ಒಂದು ಲೆಕ್ಕ ಹಾಕೋಣ. 60 ಸೆಂ.ಮೀ. ಅಗಲದ ತೇಗದ ಹಲಗೆ, ಅದರ ತೇವಾಂಶ ಶೇ. 12ರಿಂದ 16ಕ್ಕೆ ಏರಿತು ಅಂದುಕೊಳ್ಳಿ. ಸುತ್ತಿನ ದಿಕ್ಕಿನಲ್ಲಿ ಒಂದು ಶೇಕಡಾ ತೇವಕ್ಕೆ ಸುಮಾರು ಶೇ. 0.19 ಹಿಗ್ಗುತ್ತದೆ. ನಾಲ್ಕಕ್ಕೆ, 60 ಸೆಂ.ಮೀ.ಗೆ, ನಾಲ್ಕೂವರೆ ಮಿ.ಮೀ. ಆಯ್ತು! ಇದು ಕಡಿಮೆ ಹಿಗ್ಗುವ ಮರದ ಕಥೆ. ಅದಕ್ಕೇ ಹಳೇ ಬಾಗಿಲುಗಳಲ್ಲಿ ನಡುವಿನ ಹಲಗೆಗೆ ಅಂಟು ಹಾಕಿರುವುದಿಲ್ಲ. ಚೌಕಟ್ಟಿನ ಗಾಡಿಯೊಳಗೆ ಸ್ವಲ್ಪ ಜಾಗ ಬಿಟ್ಟು ಸುಮ್ಮನೆ ಕೂರಿಸಿರುತ್ತಾರೆ. ಸೇತುವೆಗೆ ಸಿವಿಲ್‌ನವರು ಬಿಡುವ ಎಕ್ಸ್‌ಪಾನ್ಷನ್ ಜಾಯಿಂಟನ್ನು ಆಚಾರ್ರು ಬಾಗಿಲಿಗೆ ಬಿಟ್ಟಿರುತ್ತಾರೆ, ಅಷ್ಟೇ. ಆ ಹಲಗೆಯನ್ನು ಫೆವಿಕಾಲ್ ಹಾಕಿ ನಾಲ್ಕೂ ಕಡೆ ಬಿಗಿದರೆ ಒಂದು ದಿನ ಸೀಳು ಬಿಡೋದು ಗ್ಯಾರಂಟಿ.

ಅಂಟಿನ ವಿಷಯ ಬಂತಲ್ಲ, ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿದೆ. ನೀರು ಬೇಗ ಒಳಹೊಗದಂತೆ ಅದು ತಡೆಯುತ್ತದೆ, ಆದರೆ ಅಂಟೂ ಸರಿಯಾಗಿ ಹಿಡಿಯಲ್ಲ. ಹಾಗಾಗಿ ಜೋಡಣೆಗೆ ಮುಂಚೆ ಮೇಲ್ಮೈಯನ್ನು ಅಸಿಟೋನ್‌ನಲ್ಲಿ ಒರೆಸುತ್ತಾರೆ. ಮರದೊಳಗೆ ಸಿಲಿಕಾ ಕೂಡ ಇದೆ, ಅಂದ್ರೆ ಮರಳಿನದೇ ವಸ್ತು. ಉಳಿ, ಗರಗಸ ಬೇಗ ಮೊಂಡಾಗೋದು ಅದರಿಂದಲೇ. ಮಿಲ್ಲುಗಳಲ್ಲಿ ಕಾರ್ಬೈಡ್ ಬ್ಲೇಡು ಬಳಸುತ್ತಾರೆ.

ಗೆದ್ದಲು ತಡೆಯುವ ಶಕ್ತಿ ಬರುವುದು ಟೆಕ್ಟೋಕ್ವಿನೋನ್‌ನಂಥ ರಾಸಾಯನಿಕಗಳಿಂದ. ಇಲ್ಲೇ ಜೇಬಿಗೆ ಕತ್ತರಿ ಬೀಳೋದು. ಆ ಗುಣ ಇರುವುದು ಹೊಂಬಣ್ಣದ ಕಂದು ಕೆಚ್ಚಿನಲ್ಲಿ ಮಾತ್ರ. ತೊಗಟೆಯ ಪಕ್ಕದ ಬಿಳಿ ಭಾಗವನ್ನು ಗೆದ್ದಲು ಆರಾಮಾಗಿ ತಿನ್ನುತ್ತೆ. ಪ್ಲಾಂಟೇಶನ್‌ನಲ್ಲಿ ಬೇಗ ಬೆಳೆಸಿ ಎಳೆಯದರಲ್ಲೇ ಕಡಿದ ಮರದಲ್ಲಿ ಈ ಬಿಳಿ ಭಾಗವೇ ಜಾಸ್ತಿ. ಅದೂ ತೇಗವೇ, ಸುಳ್ಳಲ್ಲ. ಆದರೆ 1817ರಲ್ಲಿ ಬೊಂಬಾಯಿಯಲ್ಲಿ ತೇಗದಿಂದ ಕಟ್ಟಿದ, ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿರುವ 'ಟ್ರಿಂಕಾಮಲಿ' ಹಡಗಿನ ಹೆಸರು ಹೇಳಿ ಅದನ್ನು ಮಾರುವ ಹಾಗಿಲ್ಲ.

ಅಪ್ಪ ಅಮ್ಮ ವರ್ಷಗಟ್ಟಲೆ ಉಳಿಸಿದ ದುಡ್ಡಲ್ಲಿ ಮಂಚ ಕೊಳ್ಳುವಾಗ ಜೊತೆಗೆ ಹೋಗಿ. ಪಾಲಿಶ್ ಹೊಡೆದ ಮೇಲ್ಭಾಗದಲ್ಲಿ ಬಿಳಿಯೂ ಕಂದಾಗಿಯೇ ಕಾಣುತ್ತೆ. ಬಗ್ಗಿ ಕೆಳಗಿನ ಪಟ್ಟಿ, ಡ್ರಾಯರ್ ಹಿಂಭಾಗ, ಕಾಲಿನ ತುದಿ ನೋಡಿ. ಪಾಲಿಶ್ ಮುಟ್ಟದ ಜಾಗ ಅಲ್ಲಿ ಸಿಗುತ್ತೆ. ಮರ ಎಷ್ಟು ಒಣಗಿದೆ ಅಂತಲೂ ಕೇಳಿ. ತೇವಾಂಶ ಅಳೆಯುವ ಮೀಟರ್ ಇದ್ದರೆ ನಿಮ್ಮ ಮುಂದೆಯೇ ಒತ್ತಿ ತೋರಿಸಲಿ.