ಬೃಹತ್ ಶಿಶುತಾರೆಗಳ ಅನಿಲಧಾರೆಗಳು

ಸೂರ್ಯನ 8 ಮಡಿಗೂ ಮಿಗಿಲಾದ ದ್ರವ್ಯರಾಶಿಯುಳ್ಳ ನಕ್ಷತ್ರಗಳು ಜನಿಸುವ ಬಗೆ ಬಹುಕಾಲ ವಿವಾದಾಸ್ಪದವಾಗಿದ್ದಿತು. ಒಳಬೀಳುವ ಅನಿಲವನ್ನು ಅವುಗಳ ಪ್ರಖರವಾದ ಬೆಳಕಿನ ಒತ್ತಡವೇ ಹಿಂದಕ್ಕೆ ತಳ್ಳಬಲ್ಲದು. ಹಾಗಿರುವಲ್ಲಿ ಅವು ಬೆಳೆಯುವುದೆಂತು?

ಸಣ್ಣ ತಾರೆಗಳಲ್ಲಿ ಅನಿಲವು ತಟ್ಟೆಯಂತೆ ಸುತ್ತುತ್ತ ಒಳಸೇರುವುದು. ಅದರ ಒಂದಂಶವು ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕಿ ಅಕ್ಷದ ಎರಡು ದಿಕ್ಕುಗಳಿಗೂ ಧಾರೆಯಾಗಿ ಚಿಮ್ಮುವುದು. ಬೃಹತ್ ತಾರೆಗೂ ತಟ್ಟೆಯಿದ್ದರೆ, ಬೆಳಕು ಅಕ್ಷದ ಕಡೆಗೆ ಪಾರಾಗಿ, ಅನಿಲಕ್ಕೆ ತಟ್ಟೆಯಲ್ಲಿ ದಾರಿಯುಳಿಯುವುದು.

ಧನುರಾಶಿಯಲ್ಲಿರುವ ಎಚ್‌ಎಚ್ 80–81 ಎಂಬ ಧಾರೆಯ ಮೂಲ ಬೃಹತ್ ತಾರೆಯೊಂದು. ಅದರ ಉದ್ದ 10 ಜ್ಯೋತಿರ್ವರ್ಷಗಳಿಗೂ ಹೆಚ್ಚು. 2010ರಲ್ಲಿ ಅದರ ರೇಡಿಯೋ ಅಲೆಗಳಲ್ಲಿ ಧ್ರುವೀಕರಣ ಕಂಡುಬಂದು, ಅಲ್ಲಿಯೂ ಕಾಂತಕ್ಷೇತ್ರವುಂಟೆಂಬುದು ಸಿದ್ಧಪಟ್ಟಿತು. ಹಿರಿಯ ತಾರೆಗಳೂ ಕಿರಿಯವುಗಳ ಮಾರ್ಗದಲ್ಲಿಯೇ ಬೆಳೆಯುವುವೆಂಬ ಮತಕ್ಕೆ ಇದರಿಂದ ಬಲ ಬಂದಿತು. ಜನ್ಮಸ್ಥಾನವನ್ನು ದಟ್ಟವಾದ ಧೂಳು ಮರೆಮಾಡಿರುವುದರಿಂದ, ಇತಿಹಾಸಕಾರನಿಗೆ ಶಾಸನವಿದ್ದಂತೆ ಖಗೋಳಜ್ಞನಿಗೆ ಈ ಧಾರೆ.