ಬಂದು ಹೋಗುವ ಜ್ವರ: ಹಸುಗಳ ಸರ್ರಾ ರೋಗ

ಕೆಂಗೇರಿ ಉಪನಗರದ ಸುತ್ತಮುತ್ತ ಇಂದಿಗೂ ಹಸು ಸಾಕಿ, ಹಾಲು ಮಾರಿ ಬಾಳುವ ಮನೆಗಳಿವೆ. ಹೆಸರಿನಲ್ಲೇ ವೃಷಭವನ್ನು ಹೊತ್ತ ವೃಷಭಾವತಿ ಸಮೀಪದಲ್ಲೇ ಹರಿಯುತ್ತಾಳೆ. ಈಗ ಆಕೆ ಹೊತ್ತಿರುವುದು ನಗರದ ಕೊಳಚೆಯನ್ನು. ತೇವ, ಸಗಣಿಗುಂಡಿ, ಮಳೆಗಾಲ ಕೂಡಿದಲ್ಲಿ ಕಚ್ಚುವ ನೊಣಗಳು ಹೆಚ್ಚುತ್ತವೆ. ಅವುಗಳಿಂದ ಹರಡುವ ಸರ್ರಾ ರೋಗದತ್ತ ಹೈನುಗಾರ ಭಕ್ತರ ಗಮನ ಸೆಳೆಯಬಯಸುತ್ತೇವೆ.

ಇದಕ್ಕೆ ಕಾರಣ ಟ್ರಿಪನೊಸೋಮಾ ಇವಾನ್ಸಿ ಎಂಬ ಏಕಕೋಶ ಜೀವಿ. ಚಾಟಿಯಂತಹ ಎಳೆಯನ್ನು ಬಡಿಯುತ್ತ ರಕ್ತದಲ್ಲಿ ಈಜುತ್ತದೆ. 1880ರಲ್ಲಿ ಪಶುವೈದ್ಯ ಗ್ರಿಫಿತ್ ಇವಾನ್ಸ್ ಇಂದಿನ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಒಂದು ಹಸುವಿನ ರಕ್ತ ಹೀರುತ್ತಿದ್ದ ನೊಣವನ್ನು ಬಾಲ ಬೀಸಿ ಓಡಿಸಿದರೆ, ಅದು ಪಕ್ಕದ ಹಸುವಿನ ಮೇಲೆ ಕೂರುತ್ತದೆ. ಬಾಯಿಗಂಟಿದ ಹಸಿರಕ್ತದೊಡನೆ ರೋಗವೂ ದಾಟುತ್ತದೆ. ಒಂದೇ ಸೂಜಿಯನ್ನು ಹಲವು ಹಸುಗಳಿಗೆ ಚುಚ್ಚಿದರೂ ಅಷ್ಟೇ.

ಈ ಜೀವಿಯ ಕಪಟವಿರುವುದು ಅದರ ಹೊರಕವಚದಲ್ಲಿ. ಹಸುವಿನ ದೇಹ ಆ ಕವಚವನ್ನು ಗುರುತಿಸಿ ಕೊಲ್ಲತೊಡಗುವಷ್ಟರಲ್ಲಿ ಕೆಲವು ಜೀವಿಗಳು ಬೇರೊಂದನ್ನು ತೊಟ್ಟಿರುತ್ತವೆ. ಆದ್ದರಿಂದ ಜ್ವರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಲಸಿಕೆ ಸಿದ್ಧಪಡಿಸುವುದು ಕಷ್ಟವಾಗಿರುವುದೂ ಇದರಿಂದಲೇ. ಜ್ವರ ಇಳಿದ ದಿನ ಒಡೆಯನು ಹಸು ಗುಣವಾಯಿತೆಂದು ನಂಬುತ್ತಾನೆ. ಇತ್ತ ಹಾಲು ಕುಗ್ಗುತ್ತದೆ, ಮೈ ಸೊರಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಗಬ್ಬ ಕಳಚುವುದೂ ಉಂಟು. ಕೆಲವು ಹಸುಗಳು ನಿಂತಲ್ಲೇ ಸುತ್ತುತ್ತವೆ, ಗೋಡೆಗೆ ತಲೆಯೊತ್ತುತ್ತವೆ. ದೃಷ್ಟಿಯಾಯಿತೆಂದು ನಿವಾಳಿಸಿ ಕಾಯುವವರನ್ನು ನಾವು ಬಲ್ಲೆವು. ಆ ಹೊತ್ತಿನಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ನಾಯಿಗಳಲ್ಲಿ ಕಣ್ಣುಗುಡ್ಡೆ ಮಂಜಾಗುವುದು ಪ್ರಮುಖ ಸೂಚನೆ. ಬೆಕ್ಕಿನ ಜಾತಿಯನ್ನೂ ಇದು ಬಿಡದು: 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಇದರಿಂದಲೇ ಸತ್ತವು. ಮನುಷ್ಯರಿಗೆ ತಗುಲುವುದು ಅತ್ಯಪರೂಪ.

ಜ್ವರವಿರುವಾಗಲೇ, ಚುಚ್ಚುಮದ್ದಿಗೆ ಮುನ್ನವೇ, ರಕ್ತ ತೆಗೆಸಬೇಕು. ಗಾಜಿನ ಪಟ್ಟಿಯ ಮೇಲೆ ಸವರಿದ ಒಂದು ಹನಿಯಲ್ಲಿ ಜೀವಿ ಕಾಣಸಿಗುವ ಸಂಭವ ಆಗಲೇ ಹೆಚ್ಚು. ಜ್ವರ ಇಳಿದ ಮೇಲೆ ಅದು ರಕ್ತದಲ್ಲಿ ವಿರಳವಾಗಿ, ಪರೀಕ್ಷೆ ನಮ್ಮನ್ನು ವಂಚಿಸಬಹುದು. ಇಂತಹ ಅಡಗಿದ ಸೋಂಕನ್ನು ಪತ್ತೆಹಚ್ಚುವ ವಿಧಾನಗಳ ಬಗ್ಗೆ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಂಸ್ಥೆ ‘ನಿವೇದಿ’ಯಲ್ಲಿ ಸಂಶೋಧನೆ ನಡೆದಿದೆ. ಡಿಮಿನಾಜಿನ್, ಕ್ವಿನಪೈರಮಿನ್ ಔಷಧಗಳಿವೆ. ಹಸುವಿನ ತೂಕವನ್ನು ಅಂದಾಜಿಸಿ ಪ್ರಮಾಣ ನಿರ್ಧರಿಸುವುದು ಪಶುವೈದ್ಯರಿಗೆ ಬಿಟ್ಟದ್ದು. ಕಡಿಮೆ ಕೊಟ್ಟರೆ ರೋಗ ಮರುಕಳಿಸುತ್ತದೆ.

ಸಂತೆಯಿಂದ ತಂದ ಹಸು ಆರೋಗ್ಯವಾಗಿಯೇ ಕಾಣಬಹುದು. ಪ್ರಯಾಣದ ದಣಿವು, ಕರು ಹಾಕಿದ ನಿಶ್ಶಕ್ತಿ ಅಡಗಿದ ರೋಗವನ್ನು ಕೆರಳಿಸುತ್ತವೆ. ಕೊಟ್ಟಿಗೆಗೆ ಸೇರಿಸುವ ಮುನ್ನ ಅದನ್ನು ಪ್ರತ್ಯೇಕವಾಗಿ ಕಟ್ಟಿ, ರಕ್ತ ಪರೀಕ್ಷೆ ಮಾಡಿಸುವುದು ಉಚಿತ.