ಮನೆಯ ಪಾಠಕ್ಕೆ ಮಳೆಯ ಲೆಕ್ಕ

ಪಾಠ ಹೇಳುವುದಕ್ಕಿಂತ ಪಾಠದ ಪಟ್ಟಿ ಹಾಕುವುದೇ ಕಠಿಣವೆಂಬುದು ಅಧ್ಯಾಪಕ ವೃತ್ತಿಯವರೆಲ್ಲರ ಅನುಭವದ ಮಾತು. ಕಾಲೇಜಿನಲ್ಲಿ ನಮಗೆ ವಿಶ್ವವಿದ್ಯಾಲಯ ಪಟ್ಟಿ ಹಾಕಿ ಕೊಡುತ್ತದೆ. ಅದನ್ನು ಬೈಯುತ್ತ ಕಲಿಸುವುದಷ್ಟೇ ನಮ್ಮ ಪಾಲಿನದು. ಮನೆಯಲ್ಲಿಯೇ ಮಕ್ಕಳಿಗೆ ವಿದ್ಯೆ ಹೇಳುವೆನೆಂದು ಹೊರಟ ತಾಯಿಗಾದರೋ ಬೈಯಲಿಕ್ಕೂ ಯಾರೂ ಇಲ್ಲ. ಪಟ್ಟಿಯೂ ಅವಳದೇ, ಪಾಠವೂ ಅವಳದೇ, ತಪ್ಪಿದರೆ ಹೊಣೆಯೂ ಅವಳದೇ.

ಹುಬ್ಬಳ್ಳಿಯ ಕೇಶ್ವಾಪುರವನ್ನು ದಾಟಿದರೆ ಗೋಪನಕೊಪ್ಪ. ಹೆಸರಿನ ಕೊನೆಯ 'ಕೊಪ್ಪ'ವೇ ಅದು ಹಿಂದೊಮ್ಮೆ ಹಳ್ಳಿಯಾಗಿದ್ದುದನ್ನು ಸಾರುತ್ತದೆ. ಪಟ್ಟಣವು ಅದನ್ನು ನುಂಗಿದೆ. ಆದರೆ ಪೂರ್ತಿಯಾಗಿ ಅರಗಿಸಿಕೊಂಡಿಲ್ಲ. ಅಲ್ಲಿ ನನ್ನ ಅಕ್ಕನ ಮಗಳ ಮನೆ. ಆಕೆಗೆ ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮಗಳನ್ನು ಎರಡು ವರ್ಷ ಒಂದು ಶಾಲೆಗೆ ಕಳಿಸಿ ನೋಡಿದಳು. ಪುಟಗಟ್ಟಲೆ ಬರೆದು ಬರೆದು ಮಗುವಿನ ಬೆರಳು ನೊಂದವು. ಮನೆಮಾತಾಡಿದರೆ ಅಲ್ಲಿ ಮುಖ ಸಿಂಡರಿಸುತ್ತಿದ್ದರಂತೆ. ಬರುವ ಜೂನಿನಿಂದ ಇಬ್ಬರಿಗೂ ಮನೆಯಲ್ಲಿಯೇ ಪಾಠವೆಂದು ಗಂಡಹೆಂಡಿರು ನಿಶ್ಚಯಿಸಿ, ವರ್ಷದ ಯೋಜನೆಯನ್ನು ಬರೆದು ನನಗೆ ತೋರಿಸಿದರು. ಒಂಬತ್ತು ಗಂಟೆಗೆ ಇಂಗ್ಲಿಷ್, ಒಂಬತ್ತೂ ನಲವತ್ತಕ್ಕೆ ಗಣಿತ, ಹತ್ತೂ ಇಪ್ಪತ್ತಕ್ಕೆ ಕನ್ನಡ. ಬಿಟ್ಟು ಬಂದ ಶಾಲೆಯನ್ನೇ ಪಡಸಾಲೆಗೆ ಹೊತ್ತು ತಂದಿದ್ದರು. ಗಂಟೆ ಬಾರಿಸುವವನೊಬ್ಬನ ನೇಮಕ ಮಾತ್ರ ಬಾಕಿ.

ಕಾಯದೆಯ ಮಾತನ್ನು ಮೊದಲು ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕಿನ ಕಾಯದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುತ್ತದೆ. ಸೇರಿಸದಿದ್ದರೆ ದಂಡವೆಂದು ಹೇಳುವುದಿಲ್ಲ. ಮನೆಯ ಪಾಠವನ್ನು ಅದು ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ಮುಂದೆ ಪ್ರಮಾಣಪತ್ರ ಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರನೆಯ, ಐದನೆಯ, ಎಂಟನೆಯ ತರಗತಿಗಳಿಗೆ ಸಮಾನವಾದ ಮೂರು ಹಂತಗಳಿವೆ. ಇಷ್ಟು ತಿಳಿದಿದ್ದರೆ ಸಾಕು. ಆರು ವರ್ಷದ ಮಗುವಿನ ಯೋಜನೆಯನ್ನು ಪ್ರಮಾಣಪತ್ರದಿಂದ ಹಿಂದಕ್ಕೆ ಎಣಿಸುತ್ತ ಬರುವುದು ಸಲ್ಲದು.

ಮನೆಯೇ ಶಾಲೆಯಾಗುವುದು ಈ ನಾಡಿಗೆ ಹೊಸದೂ ಅಲ್ಲ. ಧಾರವಾಡ ಸೀಮೆಯಲ್ಲಿ ಸರಕಾರಿ ಶಾಲೆ ಬರುವ ಮೊದಲು ಗಾಂವಠಿ ಶಾಲೆಗಳಿದ್ದವು. ಯಾರದೋ ಪಡಸಾಲೆ, ಇಲ್ಲವೆ ಗುಡಿಯ ಅಂಗಳ, ಒಬ್ಬ ಐಗಳು, ಮರಳ ಮೇಲೆ ಬೆರಳಿನಿಂದ ತಿದ್ದುವ ಅಕ್ಷರ. ಮಗ್ಗಿಯೆಂದರೆ ಬರಿಯ ಎರಡೊಂದ್ಲ ಎರಡಲ್ಲ: ಪಾವಕಿ, ನಿಮಕಿ, ಸವಾಯಕಿ, ದೀಡಕಿ ಎಂದು ಕಾಲು, ಅರೆ, ಒಂದೂಕಾಲು, ಒಂದೂವರೆಗಳ ಮಗ್ಗಿಗಳೂ ಬಾಯಲ್ಲಿರಬೇಕು. ಸಂತೆಯ ಲೆಕ್ಕಕ್ಕೆ ಬೇಕಾದುದು ಅದೇ ತಾನೆ? ಆದರೆ ಆ ಪಡಸಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು ಹೊರಗೆ, ಕೆಳಗೇರಿಯವರು ಇನ್ನೂ ಹೊರಗೆ. ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. ಊರಿಗೆಲ್ಲ ಸೇರಿದ ಶಾಲೆ ಎಂಬ ಕಲ್ಪನೆ ಇಲ್ಲಿ ಬೇರುಬಿಟ್ಟದ್ದು ಅಂಥವರ ದುಡಿಮೆಯಿಂದ. ಅದೇ ನೆಲದಲ್ಲಿ ನಿಂತು ಶಾಲೆಯನ್ನು ಬಿಟ್ಟು ಮನೆಗೆ ಮರಳುವವರು ಆ ಹಳೆಯ ಪಡಸಾಲೆಯ ಗುಣವನ್ನಷ್ಟೇ ತರುವರೋ, ಮುಚ್ಚಿದ ಬಾಗಿಲನ್ನೂ ತರುವರೋ? ಅಕ್ಕನ ಮಗಳಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಅವಳಿಗೆ ಅದು ರುಚಿಸಲಿಲ್ಲ.

ಅವಳು ಕುವೆಂಪು ಅವರ ಹೆಸರನ್ನೆತ್ತಿದಳು. ನಿಜ, ಕುಪ್ಪಳಿಯ ಮನೆಯಲ್ಲಿ ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರಿಂದ ಅವರ ಮೊದಲ ಪಾಠ ನಡೆಯಿತು, ಆಮೇಲೆ ತೀರ್ಥಹಳ್ಳಿಯ ಶಾಲೆ. ಆದರೆ ಕುಪ್ಪಳಿಯದು ಆಳುಕಾಳುಗಳಿಂದ ತುಂಬಿದ ದೊಡ್ಡ ಮನೆ, ಸುತ್ತ ಕಾಡು. ಎರಡು ಮಕ್ಕಳು, ಒಂದು ಮೊಬೈಲು, ಕಬ್ಬಿಣದ ಗೇಟು ಇವಿಷ್ಟೇ ಇರುವ ಮನೆ ಕುಪ್ಪಳಿಯಾಗದು. ಗುಜರಾತಿನ ಗಿಜುಭಾಯಿ ಬಧೇಕಾ ಅವರ ಉದಾಹರಣೆ ನನಗೆ ಹೆಚ್ಚು ಹಿಡಿಸುತ್ತದೆ. ವಕೀಲರಾಗಿದ್ದ ಅವರು ತಮ್ಮ ಮಗನ ವಿದ್ಯೆಯ ಚಿಂತೆಯಿಂದ ಮಾಂಟೆಸೊರಿ ಪದ್ಧತಿಯತ್ತ ತಿರುಗಿದರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಾಗ ಆ ಚಿಂತೆ ಊರಮಕ್ಕಳಿಗೆಲ್ಲ ಹರಡಿತ್ತು.

ಇನ್ನು ಅಕ್ಷರದ ವಿಷಯ. ಇದು ನನ್ನ ಕಸುಬಿಗೆ ಸೇರಿದ್ದಾದ್ದರಿಂದ ವಾಚಕರು ಸ್ವಲ್ಪ ಸೈರಿಸಬೇಕು. ಯೋಜನೆಯಲ್ಲಿ ಅವಳು ಮೊದಲ ವಾರಕ್ಕೆ ಅ ಆ ಇ ಈ ಉ ಎಂದು ಬರೆದಿದ್ದಳು. ಈ ಐದನ್ನು ಕಲಿತ ಮಗು ಏನನ್ನು ಓದಬಲ್ಲದು? 'ಆ', 'ಈ' ಎಂಬ ಎರಡು ಮಾತನ್ನು ಬಿಟ್ಟರೆ ಏನೂ ಇಲ್ಲ. ಮುಂದಿನ ಐದರಲ್ಲಿಯೂ ಅದೇ ಗತಿ. 'ಙ'ಕಾರದ ತನಕ ಹೋದರಂತೂ ಮಗು ಎಂದೂ ಆಡದ ಸದ್ದಿಗೆ ಕೈ ನೋಯಿಸಿಕೊಳ್ಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ, ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯವರು ಈ ಗಂಟನ್ನು ಬಹು ಜಾಣತನದಿಂದ ಬಿಡಿಸಿದರು. ಅವರ ಮೊದಲ ಐದಕ್ಷರ: ರ ಗ ಸ ದ ಅ. ಕೈಗೆ ಸುಲಭವಾದ ದುಂಡು ತಿರುವುಗಳು. ಅಷ್ಟರಲ್ಲಿಯೇ ಸರ, ರಸ, ಅರಸ, ಅಗಸ, ಗರಗಸ, ದಸರ! ಐದು ಅಕ್ಷರ ಬಂದ ದಿನವೇ ಮಗುವಿನ ಮುಂದೆ ಒಬ್ಬ ಅರಸ, ಒಬ್ಬ ಅಗಸ, ಒಂದು ಗರಗಸ ಬಂದು ನಿಲ್ಲುತ್ತವೆ. ಕತೆಗೆ ಇನ್ನೇನು ಬೇಕು? ಅದರ ಮೇಲೆ ಜ ವ ಮ ಬ ನ ಸೇರಿದವೆಂದರೆ ಜನ, ಮರ, ವನ, ಬನ, ಮನ, ನಗರ. ಸರಕಾರಿ ಶಾಲೆಯೆಂದರೆ ಮೂಗು ಮುರಿಯುವ ಮಧ್ಯಮ ವರ್ಗ ತನ್ನ ಮಕ್ಕಳಿಗಾಗಿ ಪರದೇಶದ ಪದ್ಧತಿಗಳನ್ನು ಹುಡುಕುತ್ತ ಹಣ ಚೆಲ್ಲುತ್ತದೆ. ನಮ್ಮ ಲಿಪಿಯನ್ನು ಅರಿತು ನಮ್ಮ ಶಿಕ್ಷಕರೇ ಕಟ್ಟಿದ ಈ ಕ್ರಮ ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ವರ್ಣಮಾಲೆಯನ್ನು ಬಿಡಬೇಕೆಂದಲ್ಲ. ಗಂಟಲಿನಿಂದ ತುಟಿಯವರೆಗೆ ಕ್ರಮವಾಗಿ ಸಾಗಿಬರುವ ಆ ಜೋಡಣೆ ಒಂದು ಶಾಸ್ತ್ರ. ಅದು ಬಾಯಿಗೆ ಬರಲಿ, ಹಾಡಿನಂತೆ. ಕೈಗೆ ಬರುವುದು ರ ಗ ಸ ದ ಕ್ರಮದಲ್ಲಿರಲಿ. ನಾಲ್ಕು ವರ್ಷದವನಿಗೆ ಎರಡೂ ಬೇಡ. ಅವನು ಕೇಳಲಿ, ಆಡಲಿ, ಮಣ್ಣು ಕಲಸಲಿ.

ಇಂಗ್ಲಿಷಿನ ಗಂಟೆಯನ್ನು ಮೊದಲಿನಿಂದ ಕೊನೆಗೆ ತಳ್ಳಿಸಲು ನಾನು ಒಂದು ಸಂಜೆ ವಾದಿಸಬೇಕಾಯಿತು. ಮಗು "ಬರಾಕ ಹತ್ತೇನಿ" ಎನ್ನುತ್ತದೆ. ಪುಸ್ತಕ "ಬರುತ್ತಿದ್ದೇನೆ" ಎನ್ನುತ್ತದೆ. ಧಾರವಾಡದ ಕಡೆಯ ಮಗುವಿಗೆ ಕನ್ನಡದಲ್ಲಿಯೇ ದಾಟಬೇಕಾದ ಹಳ್ಳವೊಂದಿದೆ. ಮೊದಲು ಅದು ಆಡಿದ್ದನ್ನು ಆಡಿದಂತೆಯೇ ತಾಯಿ ಬರೆದು ಓದಿ ತೋರಿಸಲಿ. ತನ್ನ ಮಾತೂ ಬರಹಕ್ಕೆ ತಕ್ಕುದೆಂದು ತಿಳಿದ ಮಗು ಉಳಿದ ಭಾಷೆಗಳನ್ನು ಹೆದರದೆ ಕಲಿತೀತು.

ವರ್ಷವನ್ನು ಹಂಚುವ ಬಗೆ ಹೇಗೆ? ತಿಂಗಳು, ವಾರಗಳ ಬದಲು ಮಳೆಗಳ ಲೆಕ್ಕ ಹಿಡಿ ಎಂದೆ. ನಮ್ಮ ರೈತನ ಮಳೆನಕ್ಷತ್ರ ಒಂದೊಂದೂ ಹದಿಮೂರು ಹದಿನಾಲ್ಕು ದಿನದ್ದು. ಜೂನ್ 8ರ ಸುಮಾರಿಗೆ ಮೃಗಶಿರ ಹುಟ್ಟುತ್ತದೆ. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬ, ಉತ್ತರ, ಹಸ್ತ, ಚಿತ್ತ ಕಳೆದು ಸ್ವಾತಿ ಮುಗಿಯುವಾಗ ನವೆಂಬರಿನ ಮೊದಲ ವಾರ. ಹನ್ನೊಂದು ಮಳೆ. ಒಂದು ಮಳೆಗೆ ಐದಕ್ಷರವೆಂದರೆ, ನಡುನಡುವೆ ಕಾಗುಣಿತದ ಗುರುತುಗಳನ್ನು ಸೇರಿಸುತ್ತ ಹೋದರೂ, ನಲವತ್ತೊಂಬತ್ತಕ್ಕೆ ಹತ್ತು ಮಳೆ ಸಾಕು. ಹನ್ನೊಂದನೆಯದು ಜಾರಿದ್ದನ್ನು ಆಯ್ದುಕೊಳ್ಳಲಿಕ್ಕೆ. ಮಳೆ ಕೈಕೊಟ್ಟರೆ ರೈತ ಮತ್ತೊಮ್ಮೆ ಬಿತ್ತುತ್ತಾನೆ. ಅಕ್ಷರ ಕೈಕೊಟ್ಟರೆ ತಾಯಿಯೂ ಅಷ್ಟೇ.

ಈ ಲೆಕ್ಕದೊಳಗೆ ಪಾಠ ತಾನಾಗಿ ಬಂದು ಕೂಡುತ್ತದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ: ಎರೆಮಣ್ಣನ್ನು ನಾದಿ ಎತ್ತು ಮಾಡುವ ಬೆರಳೇ ನಾಳೆ ಸೀಸಕಡ್ಡಿ ಹಿಡಿಯುವ ಬೆರಳು. ಆಷಾಢದ ಮಂಗಳವಾರಗಳಂದು ಗುಳ್ಳವ್ವ. ಶ್ರಾವಣದ ಪಂಚಮಿಗೆ ಜೋಕಾಲಿ. ಉಂಡಿ ಕಟ್ಟುವಾಗ ಎಷ್ಟು ಎಳ್ಳಿಗೆ ಎಷ್ಟು ಬೆಲ್ಲ? ಅಲ್ಲಿಯೇ ಪಾವಕಿ, ನಿಮಕಿ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಮನೆಬಾಗಿಲಿಗೆ ಬರುವ ಜೋಕುಮಾರ. ಊರಿನ ಅಂಚಿನ ಯಾವುದಾದರೂ ಹೊಲದಲ್ಲಿ ಬಿತ್ತಿದ ಹೆಸರು ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ವಾರಕ್ಕೊಮ್ಮೆ ಹೋಗಿ ಅದರ ಎತ್ತರವನ್ನು ಗೇಣಿನಲ್ಲಿ ಅಳೆದು ಗೋಡೆಯ ಮೇಲೆ ಗೆರೆ ಎಳೆದರೆ ಗಣಿತವೂ ಆಯಿತು, ವಿಜ್ಞಾನವೂ ಆಯಿತು. ಸಂಜೆಗೆ ಓದಿ ಹೇಳುವ ಕತೆ. ಚಿತ್ರ ತೋರಿಸಲು ಶಿವರಾಮ ಕಾರಂತರ 'ಬಾಲಪ್ರಪಂಚ'ದ ಹಳೆಯ ಸಂಪುಟಗಳೇನಾದರೂ ಸಿಕ್ಕರೆ ಮೇಲು. ದಿನಕ್ಕೆ ಕುಳಿತು ಕಲಿಯುವುದು ಒಂದು ತಾಸು, ಬಹಳವಾದರೆ ಒಂದೂವರೆ. ಇಷ್ಟು ಕಡಿಮೆಯೇ ಎಂದು ಅವಳು ಬೆಚ್ಚಿದಳು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಒಂದು ಮಗುವಿನ ಪಾಲಿಗೆ ಗುರುವಿನ ಗಮನ ಎಷ್ಟು ನಿಮಿಷ ಬೀಳುತ್ತದೆಂಬುದನ್ನು ಅವಳೇ ಎಣಿಸಲಿ.

ಎಲ್ಲ ಸೇರಿಯೂ ಒಂದು ಕೊರತೆ ಉಳಿಯಿತು: ಜೊತೆಗಾರರು. ಕುಂಟಾಟಕ್ಕೆ, ಜಗಳಕ್ಕೆ, ಸೋಲಿಗೆ ಬೇರೆ ಮನೆಯ ಮಕ್ಕಳು ಬೇಕು. ತಾಯಿ ಎಷ್ಟು ಪ್ರೀತಿಯಿಂದ ಸೋತರೂ ಅದು ನಿಜವಾದ ಆಟವಲ್ಲ. 2020ರಲ್ಲಿ ರೋಗದ ಭಯದಿಂದ ಶಾಲೆಗಳು ಮುಚ್ಚಿದಾಗ ಆ ಆಗಸ್ಟಿನಲ್ಲಿ ಸರಕಾರ ವಿದ್ಯಾಗಮವನ್ನು ಆರಂಭಿಸಿತು. ಶಿಕ್ಷಕರೇ ಓಣಿಗಳಿಗೆ ಬಂದು ಗುಡಿಯ ಕಟ್ಟೆಯಲ್ಲಿ, ಮರದಡಿಯಲ್ಲಿ ಪಾಠ ಹೇಳಿದರು. ಸೋಂಕಿನ ಅಂಜಿಕೆಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಓದಿದ ತಾಯಿಯಿದ್ದ ಮನೆಯ ಮಗು ಆ ಅವಧಿಯನ್ನು ಹೇಗೋ ದಾಟಿತು. ಕೂಲಿಗೆ ಹೋಗುವ ತಾಯಿಯ ಮಗು ಕಲಿತ ಅಕ್ಷರವನ್ನೂ ಮರೆಯಿತು. ಮನೆಯ ಪಾಠ ಎಷ್ಟರಮಟ್ಟಿಗೆ ಉಳ್ಳವರ ಸವಲತ್ತು ಎಂಬುದನ್ನು ನಾಡೆಲ್ಲ ಒಮ್ಮೆಗೇ ಕಂಡ ಕಾಲವದು.

ಆದಕಾರಣ ಯೋಜನೆಯ ಕೊನೆಯಲ್ಲಿ ನಾನೊಂದು ಸಾಲು ಸೇರಿಸಿದೆ: ಸಂಜೆ ಐದರಿಂದ ಆರರ ತನಕ ಗೇಟು ತೆರೆದಿರಬೇಕು, ಕತೆಯೂ ಆಟವೂ ಓಣಿಯ ಮಕ್ಕಳೊಂದಿಗೇ ನಡೆಯಬೇಕು. ಇದಕ್ಕೆ ಅವಳದು ಇನ್ನೂ ಅರೆಮನಸ್ಸು. ಓಣಿಯ ಹುಡುಗರ ಬೈಗುಳಗಳನ್ನು ತನ್ನ ಮಕ್ಕಳು ಕಲಿತಾರೆಂಬ ಅಂಜಿಕೆ. ಕಲಿಯುತ್ತಾರೆ, ಸಂಶಯವಿಲ್ಲ; ಅವುಗಳ ಜೊತೆಗೆ ನನಗೂ ಅವಳಿಗೂ ಬಾರದ ನೂರು ಕನ್ನಡ ಮಾತುಗಳನ್ನೂ ಕಲಿಯುತ್ತಾರೆ. ಮೃಗಶಿರದಿಂದ ಆರಿದ್ರದವರೆಗೆ, ಅಂದರೆ ಒಂದು ಮಳೆಯಷ್ಟು ಕಾಲ, ತೆರೆದು ನೋಡುತ್ತೇನೆಂದು ಸದ್ಯಕ್ಕೆ ಒಪ್ಪಿದ್ದಾಳೆ.